ನಮ್ಮ ಟಿವಿಯ ಆಟಕ್ಕೆ ಸೈರನ್ ಇರಲಿಲ್ಲ

ವಿಮಾನದ ಆಟವನ್ನು ನನಗೆ ಕಲಿಸಿದವನು ಅಮ್ಮನ ತಮ್ಮ, ನನ್ನ ಮಾವ. ಎರಡು ಸಾವಿರದ ಇಸವಿ ಬಂದು ಒಂದೆರಡು ವರ್ಷ ಕಳೆದಿದ್ದ ಕಾಲ. ಮಾವ ಪೀಣ್ಯದ ಲೇತ್ ವರ್ಕ್‌ಶಾಪೊಂದರಲ್ಲಿ ಕೆಲಸಕ್ಕಿದ್ದ; ಮಾದನಾಯಕನಹಳ್ಳಿಯ ನಮ್ಮ ಬಾಡಿಗೆ ಮನೆಯಲ್ಲೇ ಉಳಿದುಕೊಂಡಿದ್ದ. ಭಾನುವಾರ ತರಕಾರಿ ತರುತ್ತೇನೆಂದು ಅವನು ಚೀಲ ಹಿಡಿದು ಹೊರಟರೆ ನಾನೂ ಅವನ ಹಿಂದೆ. ಬಸ್ಸಿಳಿದು ನಾವು ಮೊದಲು ಹೋಗುತ್ತಿದ್ದುದು ದಾಸರಹಳ್ಳಿಯ ವಿಡಿಯೋ ಗೇಮ್ ಅಂಗಡಿಗೆ. ತರಕಾರಿ ಆಮೇಲೆ, ಬಾಡಿದ್ದು ಏನಾದರೂ ಉಳಿದಿದ್ದರೆ ಅದು.

ಆ ಅಂಗಡಿಗೆ ಬಾಗಿಲಿನ ಬದಲು ನೀಲಿ ಪರದೆ. ಒಳಗೆ ಕತ್ತಲು, ಬೀಡಿ ಹೊಗೆ, ಬೆವರು, ಹತ್ತಾರು ಆಟದ ಪೆಟ್ಟಿಗೆಗಳ ಗದ್ದಲ. ಹೆಣ್ಣುಮಗು ಎಂದು ಅಲ್ಲಿ ಇದ್ದವಳು ನಾನೊಬ್ಬಳೇ. ಮಾವ ಸೋಡಾ ಬಾಟಲಿಯ ಕ್ರೇಟನ್ನು ಬೋರಲು ಹಾಕಿ ನನ್ನನ್ನು ಅದರ ಮೇಲೆ ನಿಲ್ಲಿಸುತ್ತಿದ್ದ. ವಿಮಾನ ತಿರುಗಿಸುವ ಕೋಲು ಹಿಡಿಯುವುದು ಅವನು, ಗುಂಡು ಹಾರಿಸುವ ಬಟನ್ ಒತ್ತುವುದು ನಾನು. ನಮ್ಮ ವಿಮಾನ ಮೋಡಗಳ ಮೇಲೆ ಹಾರುತ್ತಿತ್ತು, ಮೋಡಗಳ ಕೆಳಗೆ ಸಮುದ್ರ, ಸಮುದ್ರದಲ್ಲಿ ದ್ವೀಪಗಳು. ದೊಡ್ಡ ಶತ್ರು ವಿಮಾನ ಬರುವುದಕ್ಕೆ ಮುಂಚೆ ಆಟದ ಪರದೆ ಕೆಂಪಾಗಿ ಮಿನುಗಿ, ಪೆಟ್ಟಿಗೆಯ ಹೊಟ್ಟೆಯೊಳಗಿಂದ ಒಂದು ಸೈರನ್ ಏಳುತ್ತಿತ್ತು. ಸಣ್ಣಗೆ ಶುರುವಾಗಿ, ಏರಿ ಏರಿ, ನಾನು ನಿಂತಿದ್ದ ಕ್ರೇಟು ನಡುಗುವಷ್ಟು ಜೋರಾಗುತ್ತಿತ್ತು. ಪ್ರತಿ ಸಲವೂ ನನ್ನ ಕೈಯ ರೋಮ ಎದ್ದು ನಿಲ್ಲುತ್ತಿತ್ತು.

‘ಹೆದರ್ಕೋಬೇಡ ಕಣೇ, ಬಟನ್ ಬಿಡಬೇಡ,’ ಎನ್ನುತ್ತಿದ್ದ ಮಾವ. ಹಾಗೆನ್ನುವಾಗ ಅವನ ದನಿಯೂ ಬಿಗಿಯಾಗಿರುತ್ತಿತ್ತು. ಆ ಹೆದರಿಕೆಗಾಗಿಯೇ ನಾನು ಭಾನುವಾರಕ್ಕೆ ಕಾಯುತ್ತಿದ್ದೆ. ಅದು ಬಾಗಿಲ ಪರದೆ ಸರಿಸಿ ಬಿಸಿಲಿಗೆ ಬಂದೊಡನೆ ಮುಗಿದುಹೋಗುವ ಹೆದರಿಕೆಯಾಗಿತ್ತು.

ಮಾವನಿಗೆ ಹೊಸೂರಿನಲ್ಲಿ ಬೇರೆ ಕೆಲಸ ಸಿಕ್ಕಿ ಅವನು ಹೊರಟುಹೋದ. ಆ ವರ್ಷ ಬೇಸಿಗೆಗೆ ಸ್ವಲ್ಪ ಮುಂಚೆ ನಮ್ಮ ಸಾಲಿನ ಕೊನೆಯ ಮನೆಯ ಹುಡುಗ, ನನಗಿಂತ ಒಂದು ತರಗತಿ ಮುಂದಿದ್ದವನು, ಐಸ್ ಕ್ಯಾಂಡಿ ತರಲೆಂದು ಹೈವೇ ದಾಟುವಾಗ ಲಾರಿಗೆ ಸಿಕ್ಕಿ ತೀರಿಕೊಂಡ. ಅವನ ತಾಯಿಯ ಅಳು ಗೋಡೆಗಳನ್ನು ದಾಟಿ ನಮ್ಮ ಅಡುಗೆಮನೆಯವರೆಗೂ ಕೇಳುತ್ತಿತ್ತು. ಅಪ್ಪ ಫೌಂಡ್ರಿಯಲ್ಲಿ, ಅಮ್ಮ ಗಾರ್ಮೆಂಟ್ಸ್‌ನಲ್ಲಿ; ಬೆಳಗ್ಗೆ ಹೋದರೆ ಇಬ್ಬರೂ ಬರುವುದು ಸಂಜೆಗೆ. ಬೇಸಿಗೆ ರಜೆ ಎದುರಿಗಿತ್ತು. ನನಗೆ ಹತ್ತು ವರ್ಷ, ತಮ್ಮನಿಗೆ ಆರು. ನಮ್ಮನ್ನು ಏನು ಮಾಡುವುದು ಎಂದು ಅಪ್ಪ ಅಮ್ಮ ಪಿಸುಮಾತಿನಲ್ಲಿ ಮಾತಾಡಿಕೊಳ್ಳುವುದು ನನಗೆ ಕೇಳಿಸುತ್ತಿತ್ತು.

ಒಂದು ಸಂಜೆ ಅಪ್ಪ ರಟ್ಟಿನ ಡಬ್ಬಿಯೊಂದನ್ನು ತಂದ. ಅದರಲ್ಲಿ ಟಿವಿಗೆ ಜೋಡಿಸುವ ವಿಡಿಯೋ ಗೇಮ್, ಎರಡು ರಿಮೋಟು, ಹಳದಿ ಬಣ್ಣದ ಒಂದು ಕ್ಯಾಸೆಟ್. ಕ್ಯಾಸೆಟ್ಟಿನ ಮೇಲಿದ್ದ ಚಿತ್ರ ನೋಡಿ ನಾನು ಕಿರುಚಿದೆ. ಅದು ನಮ್ಮ ವಿಮಾನವೇ.

‘ಇನ್ಮೇಲೆ ರೋಡ್ ಕಡೆ ತಲೆ ಹಾಕಿದ್ರೆ ನೋಡಿ,’ ಎಂದ ಅಪ್ಪ. ‘ಮನೇಲೇ ಆಡ್ಕೊಂಡಿರಿ.’

ಮನೆಯ ಆಟ ಅಂಗಡಿಯ ಆಟವಾಗಿರಲಿಲ್ಲ. ಮೋಡಗಳು ಇರಲಿಲ್ಲ. ಸಮುದ್ರವೆಂದರೆ ಒಂದೇ ಬಣ್ಣದ ನೀಲಿ. ಶತ್ರು ವಿಮಾನಗಳು ಹೆಚ್ಚಾದರೆ ಎಲ್ಲವೂ ತಡವರಿಸುತ್ತ, ಮಿನುಗುತ್ತ, ನೀರಿನಲ್ಲಿ ನಡೆದಂತೆ ಚಲಿಸುತ್ತಿದ್ದವು. ಸಂಗೀತ ಗ್ರೀಟಿಂಗ್ ಕಾರ್ಡಿನೊಳಗಿನ ಸಂಗೀತದ ಹಾಗೆ ಕೀಚಲು. ದೊಡ್ಡ ವಿಮಾನ ಬರುವಾಗ ಸೈರನ್ ಕೂಗುತ್ತದೆಂದು ಮೊದಲ ದಿನ ತಮ್ಮನಿಗೆ ಹೇಳಿ, ಅವನ ಕೈ ಗಟ್ಟಿಯಾಗಿ ಹಿಡಿದು ಕಾದೆ. ಏನೂ ಕೂಗಲಿಲ್ಲ. ಸಂಗೀತ ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು, ಅಷ್ಟೆ. ಆದರೂ ನಮ್ಮದು ನಮ್ಮದೇ. ತಮ್ಮ ಎರಡನೇ ರಿಮೋಟು ಹಿಡಿದು ನನ್ನ ಪಕ್ಕ ಹಾರುತ್ತಿದ್ದ. ಸೈರನ್ ಬರಬೇಕಾದ ಜಾಗದಲ್ಲಿ ನಾವೇ ಬಾಯಲ್ಲಿ ಕೂಗಿಕೊಳ್ಳುತ್ತಿದ್ದೆವು.

ರಜೆ ಶುರುವಾದ ದಿನದಿಂದ ಅಮ್ಮ ಹೊರಗಿನಿಂದ ಬೀಗ ಹಾಕಿಕೊಂಡು ಹೋಗತೊಡಗಿದಳು.

ನಮ್ಮದು ಶೀಟಿನ ಮನೆಗಳ ಸಾಲು. ಓನರ್ ಮನೆಯವರು ಆ ಊರಿನ ಹಳಬರು. ಮೊದಲು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈ ಸಾಲು ಕಟ್ಟಿಸಿದ್ದರು. ಕಾಂಪೌಂಡಿನ ಹಿಂದಿನ ಉಳಿದ ಜಾಗವನ್ನು ಯಾರಿಗೋ ಗೋಡೌನ್‌ಗೆ ಕೊಟ್ಟಿದ್ದರು. ಅಲ್ಲಿ ನೀಲಿ ಡ್ರಮ್ಮುಗಳು, ಪುಡಿ ತುಂಬಿದ ಚೀಲಗಳು ಬಂದು ಇಳಿಯುತ್ತಿದ್ದವು. ಓನರ್ ಮನೆಯ ಅಜ್ಜಿ ದಿನವಿಡೀ ಜಗಲಿಯ ಮೇಲೆ ಕೂತು ಎಲೆಅಡಿಕೆ ಕುಟ್ಟುತ್ತಿದ್ದರು. ಅಮ್ಮ ಬೀಗ ಹಾಕುವುದನ್ನು ನೋಡಿ ಒಮ್ಮೆ, ‘ಬೀಗದ್ ಕೈ ನನ್ ತಾವ ಕೊಟ್ಟೋಗವ್ವ, ಮಕ್ಳು ಒಳಗವ್ರೆ, ಎಂಗೋ ಏನೋ,’ ಅಂದರು. ಅಮ್ಮ, ‘ಇರ್ಲಿ ಬಿಡಿ ಅಜ್ಜಿ,’ ಎಂದು ನಕ್ಕು ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡಳು.

ಕಾರಣ ಅಜ್ಜಿಯ ಕಿರಿಮಗ. ಅವನು ನೀರಿನ ಟ್ಯಾಂಕರ್ ಓಡಿಸುತ್ತಿದ್ದ, ಕುಡಿಯುತ್ತಿದ್ದ. ಹೆಂಡತಿ ಅವನನ್ನು ಬಿಟ್ಟು ತವರಿಗೆ ಹೋಗಿದ್ದಳು. ಒಂದು ಬೆಳಗ್ಗೆ ಬಾಡಿಗೆಯವರೊಬ್ಬರ ಪಾತ್ರೆ ಹಾಸಿಗೆಗಳನ್ನೆಲ್ಲ ಅವನು ಹೊರಗೆ ಎಸೆದದ್ದನ್ನು ನಾನೇ ಕಿಟಕಿಯಿಂದ ನೋಡಿದ್ದೆ. ಅವನ ಟ್ಯಾಂಕರ್ ಸದ್ದು ಕೇಳಿದರೆ ಅಮ್ಮ ನಮ್ಮನ್ನು ಒಳಗೆ ಕರೆಯುತ್ತಿದ್ದಳು. ಪ್ರತಿ ಬೆಳಗ್ಗೆ ಬಾಗಿಲು ಎಳೆಯುವ ಮುಂಚೆ ಅವಳು ಹೇಳುತ್ತಿದ್ದುದು ಒಂದೇ.

‘ಯಾರು ಬಂದು ಬಾಗ್ಲು ಬಡಿದ್ರೂ ಮಾತಾಡ್ಬೇಡಿ. ಅವನೇನಾದ್ರೂ ಬಂದ್ರೆ ಉಸಿರೂ ಬಿಡ್ಬೇಡಿ. ಮನೇಲಿ ಯಾರೂ ಇಲ್ಲ ಅಂದ್ಕೊಂಡು ಹೋಗ್ತಾನೆ. ಗೊತ್ತಾಯ್ತಾ?’

ಬೀಗ ಬೀಳುವ ಸದ್ದು, ಅಮ್ಮನ ಚಪ್ಪಲಿಯ ಸದ್ದು. ಅದಾದ ಮೇಲೆ ನಾನು ಟಿವಿಯ ಸೌಂಡ್ ಹೆಚ್ಚಿಸುತ್ತಿದ್ದೆ. ಹೊರಗಿನ ಹೆಜ್ಜೆಸದ್ದುಗಳೆಲ್ಲ ಅದರಲ್ಲಿ ಮುಚ್ಚಿಹೋಗಲಿ ಎಂದೇ ಹಾಗೆ ಮಾಡುತ್ತಿದ್ದೆ. ಆಟ ನಡೆಯುವಾಗ ಮನೆ ದೊಡ್ಡದಾಗಿ ಕಾಣುತ್ತಿತ್ತು. ಕರೆಂಟ್ ಹೋದರೆ ಪರದೆಯ ನೀಲಿಯೆಲ್ಲ ಒಂದು ಚುಕ್ಕೆಯಾಗಿ ಆರಿ, ಬಿಸಿ ಶೀಟಿನ ಕೆಳಗೆ ನಾವಿಬ್ಬರೇ ಉಳಿಯುತ್ತಿದ್ದೆವು. ಆಗ ತಮ್ಮ ನನ್ನ ಲಂಗದ ತುದಿ ಹಿಡಿದುಕೊಳ್ಳುತ್ತಿದ್ದ. ನಾನು ಬಾಗಿಲ ಚಿಲಕವನ್ನೇ ನೋಡುತ್ತಿದ್ದೆ.

ಆ ದಿನ ಮಧ್ಯಾಹ್ನ ಊಟ ಮುಗಿಸಿ ಆಡಲು ಕೂತಿದ್ದೆವು. ಹಿಂದಿನ ಸಂಜೆ ಮಳೆ ಬಂದು ಸೆಕೆ ಇನ್ನೂ ಹೆಚ್ಚಾಗಿತ್ತು. ನಾವು ಅದುವರೆಗೆ ಎಂದೂ ಮುಟ್ಟಿರದಷ್ಟು ದೂರ ಹಾರಿದ್ದೆವು. ತಮ್ಮ ಮಂಡಿಯೂರಿ ಟಿವಿಗೆ ಮೂಗು ತಾಗಿಸುವಷ್ಟು ಹತ್ತಿರವಿದ್ದ. ಸಂಗೀತ ನಿಂತಿತು. ದೊಡ್ಡ ವಿಮಾನ ಬರುವ ಹೊತ್ತು.

ಆಗ ಸೈರನ್ ಕೂಗಿತು.

ಸಣ್ಣಗೆ ಶುರುವಾಗಿ, ಏರಿ ಏರಿ, ಥೇಟ್ ಅಂಗಡಿಯಲ್ಲಿ ಕೇಳಿದ ಹಾಗೆಯೇ. ನನ್ನ ಕೈಯ ರೋಮ ಎದ್ದು ನಿಂತಿತು. ‘ಬಂತು ಕಣೋ! ನಮ್ ಆಟದಲ್ಲೂ ಸೈರನ್ ಇದೆ!’ ಎಂದು ಕೂಗಿದೆ. ಇಷ್ಟು ದೂರ ಬಂದವರಿಗೆ ಮಾತ್ರ ಅದು ಕೇಳುತ್ತದೆ ಅಂದುಕೊಂಡೆ. ಮಾವನಿಗೆ ಹೇಳಬೇಕು ಅಂದುಕೊಂಡೆ. ತಮ್ಮ ಕೂತಲ್ಲೇ ಕುಣಿಯುತ್ತಿದ್ದ. ಇಬ್ಬರೂ ಬಟನ್ ಬಿಡದೆ ಒತ್ತಿದೆವು. ದೊಡ್ಡ ವಿಮಾನ ಬಂತು, ನಾವು ಹೊಡೆದೆವು, ಅದು ಚೂರು ಚೂರಾಗಿ ಪರದೆಯಿಂದ ಕೆಳಗೆ ಬಿತ್ತು. ಸೈರನ್ ನಿಲ್ಲಲಿಲ್ಲ.

ಮೊದಲು ಗೊತ್ತಾದದ್ದು ಮೂಗಿಗೆ. ನಲ್ಲಿ ನೀರಿಗೆ ಹಾಕುವ ಬ್ಲೀಚಿಂಗ್ ಪುಡಿಯ ವಾಸನೆ, ಆದರೆ ಅದರ ಎಷ್ಟೋ ಪಟ್ಟು. ಆಮೇಲೆ ಗಂಟಲಿಗೆ ಘಾಟು ಹತ್ತಿತು. ತಮ್ಮ ಕೆಮ್ಮಿದ. ನಾನು ಟಿವಿಯ ಸೌಂಡ್ ತಗ್ಗಿಸಿದೆ. ಸೈರನ್ ತಗ್ಗಲಿಲ್ಲ, ಇನ್ನೂ ಜೋರಾಯಿತು. ಅದು ಹೊರಗಿನಿಂದ, ಕಾಂಪೌಂಡಿನ ಆಚೆಯ ಗೋಡೌನ್ ಕಡೆಯಿಂದ ಬರುತ್ತಿತ್ತು. ಅದರ ಜೊತೆಗೆ ಜನ ಕೂಗುವುದು, ಓಡುವುದು, ಪಾತ್ರೆ ಬೀಳುವುದು, ಟೆಂಪೋ ಸ್ಟಾರ್ಟ್ ಆಗುವುದು ಎಲ್ಲ ಒಟ್ಟಿಗೆ ಕೇಳಿಸಿತು. ಅಷ್ಟು ಹೊತ್ತಿನಿಂದ ಇದೆಲ್ಲ ನಡೆಯುತ್ತಿತ್ತು, ನಾವು ಹಾರುತ್ತಿದ್ದೆವು.

ಕಿಟಕಿಗೆ ಓಡಿದೆ. ಗೋಡೌನ್ ಕಡೆಯಿಂದ ಹಳದಿ ಬೆರೆತ ಬಿಳಿ ಹೊಗೆ ಕಾಂಪೌಂಡನ್ನು ಹತ್ತಿ ನಮ್ಮ ಅಂಗಳಕ್ಕೆ ಇಳಿಯುತ್ತಿತ್ತು. ಬೆಂಕಿಯ ಹೊಗೆಯಂತೆ ಮೇಲೆ ಹೋಗುತ್ತಿರಲಿಲ್ಲ. ನೆಲಕ್ಕೆ ಅಂಟಿಕೊಂಡು, ನೀರಿನ ಹಾಗೆ, ನಿಧಾನವಾಗಿ ಬರುತ್ತಿತ್ತು. ಪಕ್ಕದ ಮನೆಯವರು ಮೂಗಿಗೆ ಬಟ್ಟೆ ಹಿಡಿದು ಗೇಟಿನತ್ತ ಓಡುತ್ತಿದ್ದರು. ‘ಆಂಟೀ! ಆಂಟೀ!’ ಎಂದು ಕೂಗಿದೆ. ಯಾರೂ ತಿರುಗಲಿಲ್ಲ. ಹೊರಗೆ ಬೀಗ ಬಿದ್ದ ಮನೆಯತ್ತ ಯಾರು ನೋಡುತ್ತಾರೆ? ಇನ್ನೊಮ್ಮೆ ಕೂಗಲು ಉಸಿರೆಳೆದಾಗ ಎದೆಯೊಳಗೆ ಬ್ಲೇಡು ಇಳಿದಂತಾಯಿತು. ದನಿ ಹೊರಡಲಿಲ್ಲ. ಕಿಟಕಿ ಮುಚ್ಚಿದೆ.

ತಮ್ಮ ಕಣ್ಣು ಉಜ್ಜಿಕೊಂಡು ಅಳುತ್ತಿದ್ದ, ಅಳುವಿನ ನಡುನಡುವೆ ಕೆಮ್ಮುತ್ತಿದ್ದ. ಅಮ್ಮ ಒಣಮೆಣಸಿನಕಾಯಿ ಹುರಿಯುವಾಗ ಘಾಟಿಗೆ ಒದ್ದೆ ಬಟ್ಟೆ ಹಿಡಿಯುತ್ತಿದ್ದುದು ನೆನಪಾಯಿತು. ಕೊಡದಲ್ಲಿ ಟವೆಲ್ ಅದ್ದಿ ಅವನ ಮುಖಕ್ಕೆ ಒತ್ತಿದೆ, ನನ್ನ ಲಂಗವನ್ನು ಅದ್ದಿ ನಾನು ಹಿಡಿದುಕೊಂಡೆ. ಬಾಗಿಲ ಕೆಳಗಿನ ಸಂದಿಯಿಂದ ಹೊಗೆ ನಾಲಿಗೆಯಂತೆ ಒಳಗೆ ಚಾಚಿತ್ತು. ತಮ್ಮನನ್ನು ಎತ್ತಿ ಕಬ್ಬಿಣದ ಮಂಚದ ಮೇಲೆ ನಿಲ್ಲಿಸಿ ನಾನೂ ಹತ್ತಿದೆ. ಅಲ್ಲಿಂದ ಟಿವಿ ಕಾಣುತ್ತಿತ್ತು. ಯಾರೂ ನಡೆಸದ ನಮ್ಮ ಎರಡು ವಿಮಾನಗಳು ನಿಂತಲ್ಲೇ ಗುಂಡು ತಿಂದು ಒಂದೊಂದಾಗಿ ಸಾಯುತ್ತಿದ್ದವು.

ಆಗ ಬಾಗಿಲು ಬಡಿದ ಸದ್ದು. ಬಡಿದದ್ದಲ್ಲ, ಗುದ್ದಿದ್ದು.

‘ಏಯ್! ಒಳಗಿದ್ದೀರಾ? ಮಕ್ಳಾ!’

ಅಜ್ಜಿಯ ಕಿರಿಮಗನ ದನಿ. ಆ ದನಿ ನನಗೆ ಚೆನ್ನಾಗಿ ಗೊತ್ತಿತ್ತು. ‘ಅವನು ಬಂದ್ರೆ ಉಸಿರೂ ಬಿಡ್ಬೇಡಿ,’ ಎಂದಿದ್ದಳು ಅಮ್ಮ. ನಾನು ತಮ್ಮನ ಬಾಯಿಯ ಮೇಲಿದ್ದ ಟವೆಲನ್ನು ಇನ್ನೂ ಗಟ್ಟಿಯಾಗಿ ಒತ್ತಿದೆ. ಹೊಗೆಗಿಂತ ಆ ಬಾಗಿಲ ಆಚೆ ನಿಂತವನೇ ನನಗೆ ಹೆಚ್ಚು ಭಯಂಕರವಾಗಿ ಕಂಡ. ಅವನು ಮತ್ತೆ ಗುದ್ದಿದ. ‘ಯಾರಾದ್ರೂ ಇದ್ರೆ ಮಾತಾಡ್ರೋ!’ ನಾನು ಕಣ್ಣು ಮುಚ್ಚಿಕೊಂಡೆ. ಹೋಗಲಿ, ಹೋಗಲಿ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಹೊರಗೆ ಹೆಜ್ಜೆಗಳು ನಿಜವಾಗಿಯೂ ದೂರ ಸರಿದವು.

ತಮ್ಮ ನನ್ನ ಕೈಯನ್ನು ಕಚ್ಚಿ ಬಿಡಿಸಿಕೊಂಡ. ಅವನಿಗೆ ಉಸಿರು ಸಾಲುತ್ತಿರಲಿಲ್ಲ. ಬಾಯಿ ತೆರೆದು ಒಮ್ಮೆ ಕೆಮ್ಮಿದ. ಆ ಪುಟ್ಟ ಎದೆಯಿಂದ ಅಷ್ಟು ದೊಡ್ಡ ಕೆಮ್ಮು ಹೇಗೆ ಬಂತೋ, ನಾಯಿ ಬೊಗಳಿದ ಹಾಗಿತ್ತು.

ಹೆಜ್ಜೆಗಳು ನಿಂತವು. ‘ಅವ್ವಾ, ಅವ್ರೆ ಕಣವ್ವ! ಒಳಗೇ ಅವ್ರೆ!’ ಎಂದು ಅವನು ಕೂಗಿದ. ಗೇಟಿನ ಕಡೆಯಿಂದ ಅಜ್ಜಿಯ ಅರಚಾಟ ಕೇಳಿತು: ‘ನಾನ್ ಯೋಳ್ಲಿಲ್ವೇನ್ಲಾ! ಒಡೀಲಾ ಬೀಗವಾ!’

ಹಾರೆ ಕಬ್ಬಿಣಕ್ಕೆ ತಾಗುವ ಸದ್ದು. ಒಂದೊಂದು ಏಟಿಗೂ ಬಾಗಿಲು ಒಳಮುಖವಾಗಿ ಉಬ್ಬುತ್ತಿತ್ತು. ಕೊನೆಗೆ ಚಿಲಕ ಮರದ ಚೌಕಟ್ಟಿನ ಸಮೇತ ಕಿತ್ತು ಬಂತು. ಅವನು ಮುಖಕ್ಕೆ ಒದ್ದೆ ಪಂಚೆ ಸುತ್ತಿಕೊಂಡಿದ್ದ, ಕಣ್ಣೆರಡೂ ಕೆಂಡದಂತಿದ್ದವು. ನಾನು ಮಂಚದ ಮೂಲೆಗೆ ಅಂಟಿಕೊಂಡು ಅವನನ್ನು ಒದ್ದೆ. ಅವನು ಒದೆಯನ್ನು ಲೆಕ್ಕಿಸದೆ ನನ್ನನ್ನು ಒಂದು ಕಂಕುಳಲ್ಲಿ, ತಮ್ಮನನ್ನು ಇನ್ನೊಂದರಲ್ಲಿ ಇರುಕಿಕೊಂಡು ಹೊಗೆಯೊಳಗೆ ಓಡಿದ.

ಗೇಟಿನ ಆಚೆ ಅಜ್ಜಿ, ಜನರನ್ನು ಸಾಗಿಸುತ್ತಿದ್ದ ಟೆಂಪೋ ಹತ್ತದೆ ನಿಂತಿದ್ದರು. ಮಗ ಟ್ಯಾಂಕರ್ ತಂದು ನಿಲ್ಲಿಸಿದಾಗ, ಬೀಗ ಹಾಕಿದ ಮನೆಯಲ್ಲಿ ಮಕ್ಕಳಿದ್ದಾರೆ ಎಂದು ಹೇಳಿ ಕಳಿಸಿದವರು ಅವರೇ. ನಮ್ಮನ್ನು ಟ್ಯಾಂಕರಿನ ಪೈಪಿಗೆ ಹಿಡಿದು ಮುಖ ತೊಳೆದರು. ನನಗೆ ಉಸಿರು ಬಂತು. ತಮ್ಮನಿಗೆ ಬರಲಿಲ್ಲ. ಅವನ ತುಟಿ ನೇರಳೆ ಹಣ್ಣು ತಿಂದವರ ಹಾಗೆ ಆಗಿತ್ತು.

ಆಸ್ಪತ್ರೆಯಲ್ಲಿ ಅವನ ಮುಖದ ಮೇಲೆ ಆಕ್ಸಿಜನ್ ಮಾಸ್ಕ್ ಕೂರಿಸಿದರು. ಅದರೊಳಗೆ ಮಂಜು ಕಟ್ಟುವುದು, ಕರಗುವುದು. ಮಂಜು ಕಟ್ಟಿದರೆ ಬದುಕಿದ್ದಾನೆ. ನಾನು ಮಂಚದ ಕಂಬಿ ಹಿಡಿದು ಅದನ್ನೇ ನೋಡುತ್ತ ನಿಂತಿದ್ದೆ. ನೋಡುವುದನ್ನು ಬಿಟ್ಟರೆ ಮಂಜು ಕಟ್ಟುವುದು ನಿಂತುಬಿಡುತ್ತದೆ ಎಂದು ನನಗೆ ಖಾತ್ರಿಯಾಗಿತ್ತು. ಅಮ್ಮ ಬರುವ ಹೊತ್ತಿಗೆ ಬಿಸಿಲು ಇಳಿದಿತ್ತು. ಒಂದು ಕಾಲಿನ ಚಪ್ಪಲಿ ಎಲ್ಲೋ ಬಿದ್ದುಹೋಗಿತ್ತು. ಸೆರಗಿನ ಗಂಟಿನಲ್ಲಿ ಕೀಲಿ ಹಾಗೇ ಇತ್ತು.

ಓನರ್ ಮಗ ಬಾಗಿಲ ಬಳಿ ಗೋಡೆಗೊರಗಿ ಕೂತು ಕೆಮ್ಮುತ್ತಿದ್ದ. ಹಾರೆ ಜಾರಿ ಅವನ ಅಂಗೈ ಹರಿದಿತ್ತು, ಬ್ಯಾಂಡೇಜು ಕಟ್ಟಿದ್ದರು. ಅಮ್ಮನನ್ನು ಕಂಡವನೇ ಎದ್ದು ನಿಂತ.

‘ಬೀಗ ಜಡ್ದು ಓಗಿದ್ಯಲ್ಲಮ್ಮ, ನಮ್ಮವ್ವ ಕೀ ಕೇಳ್ಲಿಲ್ವಾ ನಿನ್ನ? ಯಾಕ್ ಕೊಡ್ಲಿಲ್ಲ?’

ವಾರ್ಡಿನವರೆಲ್ಲ ತಿರುಗಿ ನೋಡಿದರು. ‘ನಿನಗೆ ಹೆದರಿ’ ಎಂದು ಹೇಳಲಾಗುತ್ತದೆಯೇ? ಅಮ್ಮ ಅವನ ಕಾಲಿನತ್ತ ಬಾಗಿದಳು. ಅವನು ಬೆಂಕಿ ಮುಟ್ಟಿದವನಂತೆ ಹಿಂದೆ ಸರಿದು, ‘ಅಯ್ಯೋ, ಬಿಡಮ್ಮ, ಬಿಡು,’ ಎನ್ನುತ್ತ ಹೊರಗೆ ನಡೆದುಬಿಟ್ಟ.

ಮಳೆನೀರು ಗೋಡೌನಿನೊಳಗೆ ನುಗ್ಗಿ, ಯಾವುದೋ ಪುಡಿಯ ಚೀಲ ನೆಂದು, ಅದಕ್ಕೆ ಸೋರುತ್ತಿದ್ದ ಆಸಿಡ್ ಸೇರಿತ್ತಂತೆ. ಕಾರಿನಲ್ಲಿ ಯಾರುಯಾರೋ ಬಂದು ನೋಡಿದರು. ಓನರ್ ಮನೆಯವರೂ ಬಾಡಿಗೆಯವರೂ ಸೇರಿ ಜಗಳವಾಡಿದ ಮೇಲೆ ಡ್ರಮ್ಮುಗಳು ಬೇರೆಲ್ಲಿಗೋ ಹೋದವು. ಎಲ್ಲಿಗೆ, ಅಲ್ಲಿ ಕಾಂಪೌಂಡಿನ ಈಚೆ ಯಾರ ಮನೆಯಿತ್ತು ಎಂದು ನಮಗೆ ಯಾರೂ ಹೇಳಲಿಲ್ಲ.

ತಮ್ಮ ಮನೆಗೆ ಬಂದ. ಅಮ್ಮ ಕೆಲವು ದಿನ ರಜೆ ಹಾಕಿ ಅವನ ಎದೆಯ ಮೇಲೆ ಕೈಯಿಟ್ಟುಕೊಂಡೇ ಮಲಗಿದಳು. ಆಮೇಲೆ ಕೆಲಸಕ್ಕೆ ಹೋಗಲೇಬೇಕಾಯಿತು. ಹೊಸ ಬೀಗ ಹಿಡಿದು ಬಾಗಿಲಲ್ಲಿ ನಿಂತವಳು ಅದನ್ನು ಹಾಕಲೂ ಆರಳು, ಬಿಡಲೂ ಆರಳು. ಅಜ್ಜಿ ಎಲೆಅಡಿಕೆಯ ಕುಟ್ಟಾಣಿ ಎತ್ತಿಕೊಂಡು ತಾವಾಗಿಯೇ ನಮ್ಮ ಮನೆಗೆ ಬಂದು ಗೋಡೆಗೊರಗಿ ಕೂತರು. ‘ಓಗವ್ವ ನೀನು. ನಾನಿರ್ತೀನಿ.’ ಅಮ್ಮ ಹೋದಳು. ಆದರೆ ಹೋಗುವ ಮುಂಚೆ ನನ್ನನ್ನು ಅಡುಗೆಮನೆಗೆ ಕರೆದು ಕಿವಿಯಲ್ಲಿ, ‘ಅವನು ಬಂದ್ರೆ ತಮ್ಮನ ಕರ್ಕೊಂಡು ಅಜ್ಜಿ ಪಕ್ಕಾನೇ ಇರು,’ ಎಂದಳು. ಜೀವ ಉಳಿಸಿದವನೆಂಬ ಋಣವಿದ್ದರೂ ಭಯ ಅವಳನ್ನು ಬಿಟ್ಟಿರಲಿಲ್ಲ. ನನ್ನನ್ನೂ ಬಿಟ್ಟಿರಲಿಲ್ಲ.

ಆಟವನ್ನು ಮತ್ತೆ ಹಾಕಿದ್ದು ತಮ್ಮನ ಹಟಕ್ಕೆ. ನಾನು ಸೌಂಡ್ ಪೂರ್ತಿ ಇಳಿಸಿದೆ. ಸದ್ದಿಲ್ಲದೆ ವಿಮಾನಗಳು ಹಾರಿದವು. ನನ್ನ ಒಂದು ಕಿವಿ ಸದಾ ಕಿಟಕಿಯ ಕಡೆಗೆ. ಯಾರೋ ಫಿನಾಯಿಲ್ ಹಾಕಿ ಜಗಲಿ ತೊಳೆದರೂ ರಿಮೋಟು ಬಿಟ್ಟು ಎದ್ದು ನಿಲ್ಲುತ್ತಿದ್ದೆ. ದೊಡ್ಡ ವಿಮಾನ ಬರುವ ಜಾಗಕ್ಕೆ ಮುಂಚೆಯೇ ಬೇಕೆಂದೇ ಸಾಯುತ್ತಿದ್ದೆ.

ಒಂದು ಮಧ್ಯಾಹ್ನ ಬಾಗಿಲಲ್ಲಿ ನೆರಳು ಬಿತ್ತು. ಓನರ್ ಮಗ ಅಜ್ಜಿಗೆ ಮಾತ್ರೆ ಕೊಡಲು ಬಂದಿದ್ದ. ನಾನು ತಮ್ಮನ ಕೈ ಹಿಡಿದು ಅಜ್ಜಿಯ ಪಕ್ಕಕ್ಕೆ ಸರಿದೆ. ಅವನು ಟಿವಿ ನೋಡುತ್ತ ಹೊಸ್ತಿಲಲ್ಲೇ ನಿಂತ.

‘ಎಂಗ್ ಆಡೋದು ಇದ್ನ?’ ಎಂದು ಕೇಳಿದ.

ತಮ್ಮ ನನ್ನ ಕೈ ಕೊಸರಿಕೊಂಡು ಹೋಗಿ ನನ್ನ ರಿಮೋಟನ್ನು ಅವನಿಗೆ ಕೊಟ್ಟ. ಅವನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಅಂಗೈಯ ಗಾಯ ಇನ್ನೂ ಪೂರ್ತಿ ಮಾಗಿರಲಿಲ್ಲ. ವಿಮಾನ ಎಡಕ್ಕೆ ಹೋದರೆ ಅವನೂ ಎಡಕ್ಕೆ ವಾಲುತ್ತಿದ್ದ, ಬಲಕ್ಕೆ ಹೋದರೆ ಬಲಕ್ಕೆ. ಟ್ಯಾಂಕರ್ ತಿರುಗಿಸುವವನ ಹಾಗೆ. ಕಣ್ಣು ಮಿಟುಕಿಸುವುದರೊಳಗೆ ಸತ್ತ. ಮತ್ತೆ ಶುರುಮಾಡಿದ, ಮತ್ತೆ ಸತ್ತ. ‘ಥೂ, ಯಾವೋನ್ಲಾ ಇವ್ನು, ಅಡ್ಡ ಬರ್ತಾನೆ!’ ಎಂದು ಪರದೆಯನ್ನೇ ಬೈದ. ತಮ್ಮ ಕಿಲಕಿಲ ನಕ್ಕ. ಆಸ್ಪತ್ರೆಯಿಂದ ಬಂದ ಮೇಲೆ ಅವನು ಹಾಗೆ ನಕ್ಕದ್ದು ಅದೇ ಮೊದಲು.

ನಗು ಕೆಮ್ಮಿಗೆ ತಿರುಗಿತು. ಅದೇ ಬೊಗಳುವ ಕೆಮ್ಮು. ಆ ಕೆಮ್ಮು ಪೂರ್ತಿ ಬಿಟ್ಟುಹೋಗಲು ಮುಂದಿನ ಚಳಿಗಾಲ ಕಳೆಯಬೇಕಾಯಿತು. ಆದರೆ ಅಂದು ನಮಗೆ ಅದು ಗೊತ್ತಿರಲಿಲ್ಲ. ಅಜ್ಜಿಯ ಕುಟ್ಟಾಣಿ ನಿಂತಿತು. ಅವನು ರಿಮೋಟನ್ನು ನೆಲಕ್ಕಿಟ್ಟು ತಮ್ಮನ ಬೆನ್ನ ಮೇಲೆ ಕೈಯಿಡಲು ಹೋಗಿ, ನನ್ನ ಮುಖ ನೋಡಿ, ಕೈಯನ್ನು ಗಾಳಿಯಲ್ಲೇ ತಡೆದ. ನಾನೇ ಹೋಗಿ ತಮ್ಮನ ಬೆನ್ನು ಸವರಿದೆ. ಪರದೆಯ ಮೇಲೆ ವಿಮಾನಗಳು ಸದ್ದಿಲ್ಲದೆ ಬಂದು ಹೋಗುತ್ತಿದ್ದವು. ಮೂವರೂ ಆ ಪುಟ್ಟ ಬೆನ್ನನ್ನೇ ನೋಡುತ್ತ ಉಸಿರು ಬಿಗಿಹಿಡಿದು ಕೂತಿದ್ದೆವು.

ಕೆಮ್ಮು ಸಣ್ಣದಾಯಿತು. ನಿಂತಿತು. ತಮ್ಮ ಕಣ್ಣೊರೆಸಿಕೊಂಡು, ನೆಲದ ಮೇಲಿದ್ದ ರಿಮೋಟನ್ನು ಎತ್ತಿ ಮತ್ತೆ ಅವನ ಕೈಗೆ ಕೊಟ್ಟ.

‘ಇನ್ನೊಂದ್ಸಲ ಆಡಿ ಅಣ್ಣ. ಬಟನ್ ಮಾತ್ರ ಬಿಡ್ಬೇಡಿ,’ ಎಂದ.